ಗ್ರಂಥಾಲಯಕ್ಕೆ ಬಂದ ಗಣಿತದ ಉಪಾಧ್ಯಾಯರು

ನಾನು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಕಾಲೇಜಿನ ಗ್ರಂಥಾಲಯವೆಂದರೆ ಒಂದು ಕಿಂಡಿಯಾಗಿದ್ದಿತು. ಚೀಟಿಯಲ್ಲಿ ಪುಸ್ತಕದ ಹೆಸರನ್ನು ಬರೆದು ಒಳಗೆ ನೀಡಬೇಕು. ಇದ್ದರೆ ಪುಸ್ತಕ ಬರುವುದು, ಇಲ್ಲವಾದರೆ ಚೀಟಿಯೇ ಹಿಂದಿರುಗುವುದು. ಹೆಸರೇ ತಿಳಿಯದ ಪುಸ್ತಕವನ್ನು ಅರಸುವ ಬಗೆ ಯಾವುದೆಂದು ಯಾರೂ ಹೇಳಿಕೊಡಲಿಲ್ಲ. ಮುಂದೆ ನಾನೇ ಅಧ್ಯಾಪಕನಾದ ಮೇಲೂ ಹಲವು ವರ್ಷ ಟಿಪ್ಪಣಿ ಬರೆಸಿಯೇ ಕಾಲ ಕಳೆದೆ. ಅದು ತಪ್ಪೆಂದು ನನಗೆ ಮನವರಿಕೆಯಾದುದು ಶಿಯಾಳಿ ರಾಮಾಮೃತ ರಂಗನಾಥನ್ ಅವರ ಜೀವನವನ್ನು ಓದಿದಾಗ.

1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದ ರಂಗನಾಥನ್ ವೃತ್ತಿಯಿಂದ ಗಣಿತದ ಉಪಾಧ್ಯಾಯರು. 1917ರಲ್ಲಿ ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳಲಾರಂಭಿಸಿ, ಕೊಯಮತ್ತೂರಿನ ಮೂಲಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. ವಿದ್ಯಾರ್ಥಿಗಳ ಮುಖ ಕಾಣದ ಆ ನಿಶ್ಶಬ್ದದಲ್ಲಿ ಅವರಿಗೆ ಒಂದು ವಾರ ಕಳೆಯುವುದೂ ಕಷ್ಟವಾಯಿತು. ಹಳೆಯ ಹುದ್ದೆಯನ್ನೇ ಮರಳಿ ಬೇಡಿದರು. ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯಗಳನ್ನು ನೋಡಿ ಬಂದ ಮೇಲೂ ಮನಸ್ಸು ಒಪ್ಪದಿದ್ದರೆ ತರಗತಿಗೆ ಹಿಂದಿರುಗಬಹುದೆಂಬ ಒಪ್ಪಂದವಾಯಿತು. ಲಂಡನ್ನಿನಲ್ಲಿ ಸೇಯರ್ಸ್ ಅವರ ಬಳಿ ವ್ಯಾಸಂಗ ಮಾಡಿದರು. ಅನೇಕ ಗ್ರಂಥಾಲಯಗಳನ್ನು ಸುತ್ತಿದರು. ಅಲ್ಲಿ ಅವರು ಕಂಡದ್ದು ಪುಸ್ತಕಗಳ ಕಾವಲನ್ನಲ್ಲ, ಓದುಗರ ಓಡಾಟವನ್ನು. 1925ರಲ್ಲಿ ಹಿಂದಿರುಗಿದವರು ಹಳೆಯ ಹುದ್ದೆಯ ಮಾತನ್ನೇ ಎತ್ತಲಿಲ್ಲ.

1931ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚ ಸೂತ್ರಗಳು ಪ್ರಕಟವಾದುವು; 1933ರಲ್ಲಿ ಕೋಲನ್ ವರ್ಗೀಕರಣ. ಲೋಕ ಅವರನ್ನು ನೆನೆಯುವುದು ಇವುಗಳಿಗಾಗಿ. ನನ್ನನ್ನು ತಟ್ಟಿದುದು ಬೇರೊಂದು ಸಂಗತಿ. ಕಪಾಟುಗಳ ಬಾಗಿಲು ತೆರೆದರೆ ಸಾಲದು, ಒಳಬಂದವನ ಕೈಹಿಡಿದು ನಡೆಸುವವರೂ ಬೇಕೆಂದು ಅವರು ನಂಬಿದ್ದರು. ಗ್ರಂಥಾಲಯಕ್ಕೆ ಹೊಸಬನಾದ ವಿದ್ಯಾರ್ಥಿಗೆ ಸೂಚೀಪತ್ರ, ಪುಸ್ತಕಗಳ ಜೋಡಣೆ, ಆಕರ ಗ್ರಂಥಗಳು ಇವುಗಳ ಪರಿಚಯ ಮಾಡಿಕೊಡುವುದನ್ನು ಗ್ರಂಥಪಾಲನ ಕರ್ತವ್ಯಗಳಲ್ಲೊಂದಾಗಿ ಎಣಿಸಿದರು. ಒಂದೇ ಪಠ್ಯಪುಸ್ತಕಕ್ಕೆ ಅಂಟಿಕೊಂಡ ಶಿಕ್ಷಣವು ಗ್ರಂಥಾಲಯವನ್ನು ಕೇಂದ್ರವಾಗಿ ಹೊಂದಬೇಕೆಂಬುದು ಅವರ ಬಯಕೆಯಾಗಿದ್ದಿತು.

ಇದನ್ನು ಓದಿದ ವರ್ಷ ನಾನು ಒಂದು ಪಾಠದ ಟಿಪ್ಪಣಿಯನ್ನು ಕೈಬಿಟ್ಟೆ. ಪ್ರತಿಯೊಬ್ಬನಿಗೂ ಒಂದೊಂದು ಪ್ರಶ್ನೆ ಕೊಟ್ಟು, ಗ್ರಂಥಪಾಲರನ್ನೇ ತರಗತಿಗೆ ಕರೆತಂದೆ. ಹದಿನೈದು ದಿನಗಳ ಮೇಲೆ ಒಬ್ಬ ಹುಡುಗ ಎರಡು ಪುಸ್ತಕಗಳನ್ನು ನನ್ನ ಮುಂದಿರಿಸಿ, ಒಂದೇ ಘಟನೆಗೆ ಎರಡು ಇಸವಿಗಳಿವೆ, ಯಾವುದನ್ನು ನಂಬಲಿ ಎಂದು ಕೇಳಿದ. ನಾನು ಅಷ್ಟು ವರ್ಷ ಬರೆಸಿದ್ದ ಇಸವಿ ತಪ್ಪಾದುದಾಗಿದ್ದಿತು. ಅದನ್ನೇ ಬರೆದುಕೊಂಡು ಹೋದ ಹಿಂದಿನ ವಿದ್ಯಾರ್ಥಿಗಳನ್ನು ನೆನೆದು ನಾಚಿದೆ. ಸೂಚೀಪತ್ರದ ಬಳಕೆಯನ್ನು ವರ್ಷಾರಂಭದ ಒಂದು ದಿನ ಬೇರೆಯಾಗಿ ತೋರಿಸಿದ್ದರೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಪಾಠದೊಳಗೇ ಹುಡುಕಾಟ ಬೆರೆತುದರಿಂದ ಹುಟ್ಟಿತು.

ರಂಗನಾಥನ್ ಕಾಶಿಯಲ್ಲಿ, ದೆಹಲಿಯಲ್ಲಿ ಕೆಲಸ ಮಾಡಿ ಕಡೆಗೆ ಬೆಂಗಳೂರಿನಲ್ಲಿ ನೆಲೆಸಿದರು. ಮದರಾಸು ವಿಶ್ವವಿದ್ಯಾನಿಲಯದಲ್ಲಿ ಗ್ರಂಥಾಲಯ ಶಾಸ್ತ್ರದ ಪೀಠಕ್ಕೆಂದು ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಗಳನ್ನು ದಾನವಿತ್ತರು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಹಾಗೂ ಶಿಕ್ಷಣ ಕೇಂದ್ರವನ್ನು ಆರಂಭಿಸಿ, ಇಳಿವಯಸ್ಸಿನಲ್ಲಿಯೂ ಪಾಠ ಹೇಳಿದರು. 1972ರ ಸೆಪ್ಟೆಂಬರ್ 27ರಂದು ತೀರಿಕೊಂಡರು. ವಿದ್ಯಾರ್ಥಿಗಳನ್ನು ಬಿಟ್ಟು ಬಂದೆನೆಂದು ಒಮ್ಮೆ ಕೊರಗಿದ್ದ ಆ ಉಪಾಧ್ಯಾಯರು ಕೊನೆಯವರೆಗೂ ಉಪಾಧ್ಯಾಯರಾಗಿಯೇ ಉಳಿದಿದ್ದರು.