ಥಾಮಸ್ ಸ್ಟೀಫನ್ಸ್ ಮತ್ತು ಕ್ರಿಸ್ತಪುರಾಣದ ಹಸ್ತಪ್ರತಿಗಳು

ಅಚ್ಚಾದ ಪುಸ್ತಕ ಸಂಪೂರ್ಣವಾಗಿ ಅಳಿದು, ಅದರ ಕೈಬರಹದ ಪ್ರತಿಗಳು ಮಾತ್ರ ಉಳಿಯುವುದು ಗ್ರಂಥಸಂಪಾದನೆಯ ಚರಿತ್ರೆಯಲ್ಲಿ ವಿರಳ. ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸನ ಕ್ರಿಸ್ತಪುರಾಣಕ್ಕೆ ಒದಗಿದ್ದು ಈ ಗತಿ. 1616, 1649 ಮತ್ತು 1654ರಲ್ಲಿ ಗೋವೆಯಲ್ಲಿ ಅಚ್ಚಾದ ಇದರ ಒಂದು ಪ್ರತಿಯೂ ಈವರೆಗೆ ದೊರೆತಿಲ್ಲ. ಕೃತಿಯನ್ನು ಉಳಿಸಿದವರು ಪ್ರತಿಕಾರರು. ಅವರಲ್ಲಿ ಕನ್ನಡ ಕರಾವಳಿಯ ಕ್ರೈಸ್ತರ ಪಾಲು ಗಣನೀಯವಾದುದು.

ಸ್ಟೀಫನ್ಸ್ ಸುಮಾರು 1549ರಲ್ಲಿ ಇಂಗ್ಲೆಂಡಿನ ವಿಲ್ಟ್‌ಶೈರ್ ಪ್ರಾಂತ್ಯದ ಬುಷ್ಟನ್ನಿನಲ್ಲಿ ವರ್ತಕನೊಬ್ಬನ ಮಗನಾಗಿ ಹುಟ್ಟಿದನು. ಸ್ವದೇಶದಲ್ಲಿ ಕ್ಯಾಥೊಲಿಕರ ಬಾಳು ದುಸ್ತರವಾಗಿದ್ದ ಕಾಲವದು. 1575ರಲ್ಲಿ ರೋಮಿನಲ್ಲಿ ಯೇಸುಸಭೆಯನ್ನು ಸೇರಿ, 1579ರ ಏಪ್ರಿಲ್‌ನಲ್ಲಿ ಲಿಸ್ಬನ್ನಿನಿಂದ ಹಡಗು ಹತ್ತಿ ಅಕ್ಟೋಬರ್ 24ರಂದು ಗೋವೆಯನ್ನು ತಲುಪಿದನು. ಆ ಪಯಣವನ್ನು ಕುರಿತು ತಂದೆಗೆ ಬರೆದ ಪತ್ರ 1589ರಲ್ಲಿ ಹ್ಯಾಕ್ಲೂಯಿಟನ ಪ್ರವಾಸ ಸಂಕಲನದಲ್ಲಿ ಅಚ್ಚಾಯಿತು. ಮುಂದಿನ ನಾಲ್ಕು ದಶಕಗಳು ಬಹುಮಟ್ಟಿಗೆ ಸಾಸಷ್ಟಿ ಪ್ರದೇಶದಲ್ಲಿ ಕಳೆದವು. 1583ರಲ್ಲಿ ಕುಂಕಳ್ಳಿಯಲ್ಲಿ ಐವರು ಜೆಸುಯಿಟರು ಹತರಾದಾಗ ಅವರ ಶವಗಳನ್ನು ತಂದು ಸಂಸ್ಕಾರ ನಡೆಸುವ ಹೊಣೆ ಈತನ ಮೇಲೆ ಬಿತ್ತು. ಅದೇ ವರ್ಷ ತಮ್ಮನಿಗೆ ಬರೆದ ಪತ್ರದಲ್ಲಿ ಈ ನಾಡಿನ ಭಾಷೆಗಳ ರಚನೆ ಗ್ರೀಕ್, ಲ್ಯಾಟಿನ್‌ಗಳನ್ನು ಹೋಲುವುದನ್ನು ಗುರುತಿಸಿದನು. ವಿಲಿಯಂ ಜೋನ್ಸ್ ಇದೇ ಮಾತನ್ನು ಆಡಿದ್ದು ಎರಡು ಶತಮಾನಗಳ ಅನಂತರ.

ಹಳೆಯ ಪುರಾಣಗಳನ್ನು ತೊರೆದ ಹೊಸ ಕ್ರೈಸ್ತರಿಗೆ ಕೇಳಲು ಮತ್ತೊಂದು ಪುರಾಣ ಬೇಕಾಗಿತ್ತು. ಜ್ಞಾನೇಶ್ವರ, ಏಕನಾಥರು ಬಳಸಿದ ಓವಿಯ ಮಟ್ಟಿನಲ್ಲಿ, ಕೊಂಕಣಿಯ ಛಾಯೆಯುಳ್ಳ ಮರಾಠಿಯಲ್ಲಿ, ಸ್ಟೀಫನ್ಸ್ ಬೈಬಲಿನ ಕಥೆಯನ್ನು 10,962 ಪದ್ಯಗಳಲ್ಲಿ ನಿರೂಪಿಸಿದನು. ಪುಸ್ತಕ ಮಾತ್ರ ರೋಮನ್ ಲಿಪಿಯಲ್ಲಿ ಅಚ್ಚಾಯಿತು. ಇದು ಆತನ ಇಷ್ಟವಾಗಿರಲಿಲ್ಲ. 1608ರಲ್ಲಿ ರೋಮಿನ ವರಿಷ್ಠನಿಗೆ ಬರೆದು, ನಾಡಿನ ಲಿಪಿಯಲ್ಲಿಯೇ ಪುಸ್ತಕಗಳನ್ನು ಮುದ್ರಿಸಬೇಕೆಂದು ಬೇಡಿದ್ದನು. ಆರುನೂರರಷ್ಟು ಅಚ್ಚುಮೊಳೆಗಳನ್ನು ಎರಕಹೊಯ್ಯುವ ಕಷ್ಟವೂ ಆತನಿಗೆ ತಿಳಿದಿತ್ತು. ಆ ಬಯಕೆ ಈಡೇರದೆ 1619ರಲ್ಲಿ ತೀರಿಕೊಂಡನು. 1622ರಲ್ಲಿ ಕೊಂಕಣಿ ದೋತ್ರಿನಾ, 1640ರಲ್ಲಿ ದಿಯೋಗು ರಿಬೇರು ಪರಿಷ್ಕರಿಸಿ ವಿಸ್ತರಿಸಿದ ವ್ಯಾಕರಣ ರಾಚೋಲಿನಲ್ಲಿ ಮುದ್ರಣಗೊಂಡವು. ಈ ವ್ಯಾಕರಣದ ಶೀರ್ಷಿಕೆಯಲ್ಲಿರುವ ಕನಾರಿಂ ಎಂಬ ಹೆಸರು ಕನ್ನಡವನ್ನಲ್ಲ, ಕೊಂಕಣಿಯನ್ನು ಸೂಚಿಸುತ್ತದೆ ಎಂಬುದನ್ನು ಕನ್ನಡ ಸಂಶೋಧಕರು ನೆನಪಿಡಬೇಕು.

1684ರಲ್ಲಿ ಪೋರ್ಚುಗೀಸ್ ಆಡಳಿತ ನಾಡಭಾಷೆಯ ಬಳಕೆಯನ್ನು ತಡೆಯಲು ಆಜ್ಞೆ ಹೊರಡಿಸಿತು. ಗೋವೆಯಿಂದ ತೆಂಕಣಕ್ಕೆ ವಲಸೆ ಬಂದು ಕೆಳದಿ ಅರಸರ ಸೀಮೆಯಲ್ಲಿ ನೆಲೆಸಿದ ಕುಟುಂಬಗಳಲ್ಲಿ ಪುರಾಣದ ವಾಚನ ಮುಂದುವರಿಯಿತು. 1784ರಲ್ಲಿ ಟಿಪ್ಪುವಿನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಹೋದವರಿಗೂ ಅದು ಸಾಂತ್ವನವಾಗಿತ್ತೆಂದು ಮಂಗಳೂರಿನ ಕ್ರೈಸ್ತರಲ್ಲಿ ಪ್ರತೀತಿಯುಂಟು. ಇಂಥ ಪ್ರತಿಗಳನ್ನು ಒಟ್ಟುಗೂಡಿಸಿ ಜೋಸೆಫ್ ಸಲ್ಡಾನ್ಹಾ 1907ರಲ್ಲಿ ಮಂಗಳೂರಿನಿಂದ ಪುರಾಣವನ್ನು ಪ್ರಕಟಿಸಿದನು. ಇಂದಿನ ಅಧ್ಯಯನವೆಲ್ಲ ಈ ಆವೃತ್ತಿಯಿಂದ ಮೊದಲಾಗುತ್ತದೆ.

1920ರ ದಶಕದಲ್ಲಿ ಜಸ್ಟಿನ್ ಅಬಟ್ ಲಂಡನ್ನಿನ ಮಾರ್ಸ್‌ಡನ್ ಸಂಗ್ರಹದಲ್ಲಿ ದೇವನಾಗರಿ ಪ್ರತಿಯೊಂದನ್ನು ಗುರುತಿಸಿದಾಗ ಪಾಠದ ಪ್ರಶ್ನೆ ಮತ್ತೆ ತೆರೆದುಕೊಂಡಿತು. ರೋಮನ್ ಪ್ರತಿಗಳಲ್ಲಿ ಪೋರ್ಚುಗೀಸ್ ಪದಗಳಿರುವ ಕಡೆ ಇದರಲ್ಲಿ ಸಂಸ್ಕೃತ ಪದಗಳಿವೆ. ಇದೇ ಮೂಲಕ್ಕೆ ಹತ್ತಿರವೆಂದು ಅಬಟ್ ಭಾವಿಸಿದನು. 1608ರ ಪತ್ರ ಆ ವಾದಕ್ಕೆ ಅನುಕೂಲವಾಗಿಯೇ ಕಾಣುತ್ತದೆ. ಆದರೆ ಲಿಪಿಯ ಮೇಲಣ ಒಲವು ಪದಗಳ ಆಯ್ಕೆಗೆ ಸಾಕ್ಷಿಯಾಗದು. ಸ್ಟೀಫನ್ಸನ ದೋತ್ರಿನಾದಲ್ಲಿಯೂ ಧಾರ್ಮಿಕ ಪರಿಭಾಷೆ ಪೋರ್ಚುಗೀಸಿನಿಂದ ಬಂದಿದೆ. ಆದಕಾರಣ ನಾಗರಿ ಪ್ರತಿಯನ್ನು ಮತ್ತೊಬ್ಬರು ತಿದ್ದಿದ ಪಾಠವೆಂದು ಕಾಣುವವರ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಒಂದು ಪದಕ್ಕೆ ರೋಮನ್ ಪ್ರತಿ ಒಂದು ರೂಪವನ್ನೂ ನಾಗರಿ ಪ್ರತಿ ಇನ್ನೊಂದನ್ನೂ ಕೊಡುವಲ್ಲೆಲ್ಲ ಸಂಪಾದಕ ಎರಡನ್ನೂ ಎದುರುಬದುರಾಗಿ ಇಟ್ಟೇ ಮುಂದುವರಿಯಬೇಕಾಗುತ್ತದೆ.