ಹೊರಗಿನಿಂದ ತೆರೆಯುವ ಬಾಗಿಲು

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯನ್ನು ಕ್ರೈಸ್ತರು ಆಗಮನ ಕಾಲವೆಂದು ಆಚರಿಸುತ್ತಾರೆ. ಅದು ಕಾಯುವ, ಮನಸ್ಸನ್ನು ಸಿದ್ಧಮಾಡಿಕೊಳ್ಳುವ ಕಾಲ. 1943ರಲ್ಲಿ ಜರ್ಮನಿಯ ಲೂಥರನ್ ಪಾದ್ರಿ ಡೀಟ್ರಿಕ್ ಬೊನ್‌ಹೋಫರ್ ಅದನ್ನು ಕಳೆದದ್ದು ಬರ್ಲಿನ್‌ನ ಟೇಗೆಲ್ ಜೈಲಿನಲ್ಲಿ.

1906ರಲ್ಲಿ ಹುಟ್ಟಿದ ಅವರು 21ನೇ ವಯಸ್ಸಿಗೇ ಡಾಕ್ಟರೇಟ್ ಪಡೆದವರು. (ನನಗೀಗ ಇಪ್ಪತ್ತು, ಗಣಿತದ ಒಂದು ಬ್ಯಾಕ್‌ಲಾಗ್ ಇನ್ನೂ ಬಾಕಿ!) ಹಿಟ್ಲರನನ್ನು ಮೊದಲಿನಿಂದಲೂ ವಿರೋಧಿಸಿದರು. 1939ರಲ್ಲಿ ಅಮೆರಿಕ ಸೇರಿ ಸುರಕ್ಷಿತವಾಗಿದ್ದವರು ಕೆಲವೇ ವಾರಗಳಲ್ಲಿ ಮರಳಿದರು. ಕಷ್ಟಕಾಲದಲ್ಲಿ ತನ್ನ ಜನರ ಜೊತೆಗಿರದವನಿಗೆ ನಾಳೆ ಅವರ ನಡುವೆ ನಿಂತು ದುಡಿಯುವ ಹಕ್ಕಿಲ್ಲ ಎಂಬುದು ಅವರ ನಿಲುವಾಗಿತ್ತು.

ಮರಿಯಾ ಎಂಬ ಯುವತಿಯೊಂದಿಗೆ ನಿಶ್ಚಿತಾರ್ಥವಾಗಿ ಮೂರು ತಿಂಗಳೂ ತುಂಬಿರಲಿಲ್ಲ, 1943ರ ಏಪ್ರಿಲ್ 5ರಂದು ಬಂಧನವಾಯಿತು. ಕ್ರಿಸ್‌ಮಸ್ ಹೊತ್ತಿಗೆ ಬಿಡುಗಡೆಯ ಆಸೆಯಿತ್ತು. ಆಗಲಿಲ್ಲ. ಆ ನವೆಂಬರ್‌ನಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಜೈಲಿನ ಕೋಣೆಯನ್ನೇ ಅವರು ಆಗಮನ ಕಾಲಕ್ಕೆ ಹೋಲಿಸಿದರು. ಒಳಗಿದ್ದವನು ಏನೇ ಮಾಡಲಿ, ಬಾಗಿಲು ತೆರೆಯುವುದು ಹೊರಗಿನಿಂದಲೇ.

ಹಾಗೆಂದು ಕೈಕಟ್ಟಿ ಕೂರಲಿಲ್ಲ. ಓದಿದರು, ಬರೆದರು, ಬಾಂಬ್ ದಾಳಿಯಾದಾಗ ಹೆದರಿದ ಕೈದಿಗಳಿಗೆ ಧೈರ್ಯ ತುಂಬಿದರು. ಆ ಕ್ರಿಸ್‌ಮಸ್‌ಗೆ ಸಹಕೈದಿಗಳಿಗಾಗಿ ಪ್ರಾರ್ಥನೆಗಳನ್ನು ಬರೆದುಕೊಟ್ಟರು. ಫಲಿತಾಂಶ ಬರುವವರೆಗೆ ಮೊಬೈಲ್ ನೋಡುತ್ತಾ ಕೂರುವುದನ್ನೇ ಕಾಯುವುದು ಎಂದುಕೊಂಡಿದ್ದ ನಾನು ಇಲ್ಲಿ ಓದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದೆ.

ಮರುವರ್ಷದ ಆಗಮನ ಕಾಲ ಬಂದಾಗ ಅವರು ಗೆಸ್ಟಾಪೊ ಸೆರೆಯ ನೆಲಮಾಳಿಗೆಯಲ್ಲಿದ್ದರು. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬ್ಯೂರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಲಾಯಿತು. ಸರಿಯಾಗಿ ಎರಡು ವಾರಕ್ಕೆ ಅಮೆರಿಕದ ಸೈನಿಕರು ಬಂದು ಆ ಶಿಬಿರದ ಬಾಗಿಲು ತೆರೆದರು.