ರೋಗಿಯ ಮುಂದೆ ಮಂಡಿಯೂರಿದ ಸಂತ ಕಮಿಲಸ್

ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದವರನ್ನು ನಾವು ಮಾತನಾಡಿಸಲು ಹೋಗುತ್ತೇವೆ. ತಾವು ಸೇವಿಸಿದ ಔಷಧಿಯ ಹೆಸರನ್ನು ಅವರು ಮರೆತಿರಬಹುದು; ನಡುರಾತ್ರಿ ತಲೆದಿಂಬು ಸರಿಪಡಿಸಿದ ದಾದಿಯನ್ನು ಮರೆತಿರುವುದಿಲ್ಲ. ಕರೆದರೂ ತಿರುಗಿ ನೋಡದೆ ಹೋದವರನ್ನೂ ಮರೆತಿರುವುದಿಲ್ಲ. ಜುಲೈ 14ರಂದು ನಾವು ಸ್ಮರಿಸುವ ಸಂತ ಕಮಿಲಸ್ ದೆ ಲೆಲ್ಲಿಸರು ತಮ್ಮ ಬಾಳಿನಲ್ಲಿ ಈ ಎರಡು ಬಗೆಯ ಸೇವೆಯನ್ನೂ ಕಂಡವರು.

1550ರ ಮೇ 25ರಂದು ಇಟಲಿಯ ಬುಕ್ಕಿಯಾನಿಕೊ ಎಂಬಲ್ಲಿ ಸೈನಿಕನ ಮಗನಾಗಿ ಜನಿಸಿದ ಕಮಿಲಸರು ತಾವೂ ಸೈನಿಕರಾದರು. ಆಜಾನುಬಾಹು, ಮುಂಗೋಪಿ, ಮೇಲಾಗಿ ಜೂಜಿನ ಚಟ. ಕಾಲಿನಲ್ಲಿ ಎದ್ದ ಹುಣ್ಣು ಅವರನ್ನು 1571ರಲ್ಲಿ ರೋಮಿನ ಸಂತ ಯಾಕೋಬರ ಆಸ್ಪತ್ರೆಗೆ ತಂದಿತು. ಚಿಕಿತ್ಸೆ ಪಡೆಯುತ್ತಾ ಅಲ್ಲಿಯೇ ಆಳಾಗಿ ದುಡಿದರು. ಆದರೆ ಜೂಜು ಮತ್ತು ಜಗಳಗಳ ಕಾರಣ ಅವರನ್ನು ಹೊರಹಾಕಲಾಯಿತು. ಮುಂದೆ ದಾದಿಯರ ಪಾಲಕ ಸಂತರಾಗಲಿದ್ದವರು ಅಂದು ಕೆಲಸಕ್ಕೆ ಬಾರದ ಪರಿಚಾರಕರಾಗಿದ್ದರೆಂಬುದನ್ನು ನಾವು ಮರೆಯಬಾರದು.

ಜೂಜಿನಲ್ಲಿ ಸರ್ವಸ್ವವನ್ನೂ ಕಳೆದುಕೊಂಡು, ಕಪುಚಿನ್ ಮಠದ ಕಟ್ಟಡದ ಕೆಲಸದಲ್ಲಿ ಕೂಲಿಯಾಗಿದ್ದಾಗ, 1575ರ ಫೆಬ್ರವರಿ 2ರಂದು ಅವರ ಮನಸ್ಸು ದೇವರತ್ತ ತಿರುಗಿತು. ಕಪುಚಿನ್ ಸಭೆಯನ್ನು ಸೇರಬಯಸಿದರೂ ಮಾಯದ ಹುಣ್ಣು ಅಡ್ಡಿಯಾಯಿತು. ಮತ್ತೆ ಅದೇ ಆಸ್ಪತ್ರೆಗೆ ಮರಳಿ, ಕ್ರಮೇಣ ಅದರ ಮೇಲ್ವಿಚಾರಕರಾದರು.

ಅಲ್ಲಿನ ಆಳುಗಳು ಸಂಬಳಕ್ಕಾಗಿ ಮಾತ್ರ ದುಡಿಯುತ್ತಿದ್ದರು. ಉಣಿಸುವವರಿಲ್ಲದೆ, ಮೈ ತೊಳೆಯುವವರಿಲ್ಲದೆ ರೋಗಿಗಳು ನರಳುತ್ತಿದ್ದರು. ಗದರಿಕೆಯಿಂದ ಇದು ಸರಿಹೋಗದೆಂದು ಅರಿತ ಕಮಿಲಸರು 1582ರಲ್ಲಿ, ದೇವರ ಪ್ರೀತಿಗಾಗಿ ಸೇವೆಗೈಯುವ ಸಂಗಡಿಗರ ಕೂಟವೊಂದನ್ನು ಕಟ್ಟಲು ನಿಶ್ಚಯಿಸಿದರು. 1584ರಲ್ಲಿ ಗುರುದೀಕ್ಷೆ ಪಡೆದರು. ಸಂತ ಯಾಕೋಬರ ಆಸ್ಪತ್ರೆಯನ್ನು ಬಿಡುವುದು ಅವರ ಆತ್ಮಗುರು ಸಂತ ಫಿಲಿಪ್ ನೇರಿಯವರಿಗೆ ಒಪ್ಪಿಗೆಯಾಗದಿದ್ದರೂ ನಿರ್ಧಾರ ಬದಲಿಸದೆ, ಪವಿತ್ರಾತ್ಮರ ಆಸ್ಪತ್ರೆಯಲ್ಲಿ ಸೇವೆಗೆ ತೊಡಗಿದರು. 1586ರಲ್ಲಿ ಪೋಪ್ ಐದನೇ ಸಿಕ್ಸ್ತುಸರು ಈ ಕೂಟಕ್ಕೆ ಮನ್ನಣೆಯನ್ನೂ ನಿಲುವಂಗಿಯ ಮೇಲೆ ಕೆಂಪು ಶಿಲುಬೆ ಧರಿಸುವ ಅನುಮತಿಯನ್ನೂ ನೀಡಿದರು. 1591ರಲ್ಲಿ ಅದು ಧಾರ್ಮಿಕ ಸಭೆಯಾಯಿತು. ಪ್ರಾಣಾಪಾಯವಿದ್ದರೂ ರೋಗಿಗಳನ್ನು ಕೈಬಿಡೆವೆಂಬುದು ಆ ಸಭೆಯವರ ನಾಲ್ಕನೆಯ ವ್ರತ.

ಕರುಣೆ ತಾನಾಗಿ ಉಕ್ಕಲೆಂದು ಕಮಿಲಸರು ಕಾಯಲಿಲ್ಲ; ಅದನ್ನು ನಿತ್ಯದ ನಿಯಮವಾಗಿ ಬರೆದಿಟ್ಟರು. ಕಾಯಿಲೆ ಬಿದ್ದ ಒಬ್ಬನೇ ಮಗನನ್ನು ತಾಯಿ ನೋಡಿಕೊಳ್ಳುವಂತೆ ರೋಗಿಯನ್ನು ನೋಡಿಕೊಳ್ಳಬೇಕೆಂಬುದು ಆ ನಿಯಮಗಳ ತಿರುಳು. ಹಾಸಿಗೆ ಹಾಸುವಾಗಲೂ ತುತ್ತು ಉಣಿಸುವಾಗಲೂ ಮನಸ್ಸು ಆ ಕೆಲಸದಲ್ಲೇ ನೆಲೆಸಿರಬೇಕಿತ್ತು. ರೋಗಿಯಲ್ಲಿ ಕ್ರಿಸ್ತರನ್ನೇ ಕಂಡ ಅವರು ಹಾಸಿಗೆಯ ಬಳಿ ಮಂಡಿಯೂರಿ ಸೇವೆ ಮಾಡುತ್ತಿದ್ದರು. 1598ರ ಕ್ರಿಸ್ಮಸ್ ವೇಳೆಗೆ ಟೈಬರ್ ನದಿ ಉಕ್ಕಿ ಆಸ್ಪತ್ರೆಗೆ ನುಗ್ಗಿದಾಗ, ಅದೇ ಹುಣ್ಣಿನ ಕಾಲಿನಲ್ಲಿ ರೋಗಿಗಳನ್ನು ಹೊತ್ತು ಮೇಲಂತಸ್ತಿಗೆ ಸಾಗಿಸಿದರು.

ಆಸ್ಪತ್ರೆಯ ಸಕಲ ಕೆಲಸವನ್ನೂ ಹೊರುವುದು ಮಿತಿಮೀರಿದ ಭಾರವೆಂದು ಸಂಗಡಿಗರಲ್ಲಿ ಕೆಲವರು ಆಕ್ಷೇಪಿಸಿದ್ದುಂಟು. 1607ರಲ್ಲಿ ಸಭೆಯ ಶ್ರೇಷ್ಠಾಧಿಕಾರಿಯ ಪದವಿಯನ್ನು ತ್ಯಜಿಸಿದ ಮೇಲೂ ಅವರು ರೋಗಿಗಳ ಸೇವೆಯನ್ನು ಬಿಡಲಿಲ್ಲ. 1614ರ ಜುಲೈ 14ರಂದು ರೋಮಿನಲ್ಲಿ ದೈವಾಧೀನರಾದರು. 1746ರಲ್ಲಿ ಸಂತಪದವಿ ಲಭಿಸಿತು. 1886ರಲ್ಲಿ ರೋಗಿಗಳ ಹಾಗೂ ಆಸ್ಪತ್ರೆಗಳ, 1930ರಲ್ಲಿ ದಾದಿಯರ ಪಾಲಕರೆಂದು ಘೋಷಿತರಾದರು. ಎಚ್‌ಐವಿ ಸೋಂಕಿತರನ್ನು ಜನ ದೂರವಿಟ್ಟಿದ್ದ ಕಾಲದಲ್ಲಿ ಬೆಂಗಳೂರಿನ ಸ್ನೇಹದಾನ ಕೇಂದ್ರದಲ್ಲಿ ಅವರನ್ನು ಆರೈಕೆ ಮಾಡಿದವರು ಈ ಕಮಿಲಸರ ಸಭೆಯವರೇ.

ನಮ್ಮ ಎಷ್ಟೋ ಕುಟುಂಬಗಳ ಮಕ್ಕಳು ಊರಿನಲ್ಲಿಯೂ ಕೊಲ್ಲಿ ದೇಶಗಳಲ್ಲಿಯೂ ದಾದಿಯರಾಗಿ ದುಡಿಯುತ್ತಿದ್ದಾರೆ. ರಾತ್ರಿ ಪಾಳಿ ಮುಗಿಸಿ ಬಂದ ಮಗಳ ದಣಿದ ಮುಖವನ್ನು ನಾವು ಕಂಡಿದ್ದೇವೆ. ದಣಿದ ಮನಸ್ಸಿನಲ್ಲಿ ಕರುಣೆ ಬತ್ತುವುದು ಸಹಜ. ಒಂದೊಮ್ಮೆ ಹೊರಹಾಕಲ್ಪಟ್ಟ ಆ ಪರಿಚಾರಕರು ಮತ್ತೆ ಅದೇ ಕೆಲಸವನ್ನು ಕಲಿತರೆಂಬುದು ಅಂಥವರಿಗೆ ಧೈರ್ಯ ತುಂಬಲಿ. ರೋಗಿಯ ಬಳಿ ಕುಳಿತ ಬಂಧುಗಳಾದ ನಾವೂ ಆ ದಾದಿಯೊಡನೆ ಒಂದು ಮೃದುವಾದ ಮಾತನಾಡೋಣ. ಅದೂ ರೋಗಿಯ ಸೇವೆಯೇ.